ಕಂಡ ಮೇಲೆ ಹೇಳುವ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ನಾನು ಕಾರವಾರದ ಕೋಡಿಬಾಗದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪೆಟ್ಟಿಗೆಯ ಮುಚ್ಚಳ ಬಿಗಿಯುತ್ತಿದ್ದೆ. ಎಂಟು ಸ್ಕ್ರೂಗಳಲ್ಲಿ ಐದು ಮುಗಿದಿದ್ದವು. ಫೋನು ಕೆಳಗಿಟ್ಟು ಉಳಿದ ಮೂರನ್ನೂ ಬಿಗಿದು, ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಕೆಲಸವನ್ನು ನಡುವೆ ಬಿಟ್ಟು ಎದ್ದರೆ ಅವರಿಗೆ ಸೇರುತ್ತಿರಲಿಲ್ಲ. ಅರ್ಧ ಬಿಗಿದ ಮುಚ್ಚಳ ದೂರದಿಂದ ಪೂರ್ತಿ ಬಿಗಿದದ್ದರ ಹಾಗೇ ಕಾಣುತ್ತದೆ, ಆಮೇಲೆ ಬಂದವನಿಗೆ ಅದರಿಂದಲೇ ಪೆಟ್ಟು ಬೀಳುವುದು ಎಂದು ಒಮ್ಮೆ ಹೇಳಿದ್ದರು.

ಅವರು ನಾನು ಓದಿದ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಕಲಿಸುತ್ತಿದ್ದರು. ಉಳಿದ ಹೆಂಗಸರನ್ನೆಲ್ಲ ನಾವು ಮೇಡಂ ಎನ್ನುತ್ತಿದ್ದೆವು. ಇವರೊಬ್ಬರನ್ನು ಮಾತ್ರ ನಮ್ಮ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಕರೆಯುವ ಹಾಗೆ ಅಕ್ಕೋರು ಎಂದೇ ಕರೆಯುವುದು ಯಾವಾಗಲೋ ರೂಢಿಯಾಗಿಬಿಟ್ಟಿತ್ತು. ಅಂಕೋಲೆಯ ಪಕ್ಕದ ಬೊಬ್ರುವಾಡದವರು, ಒಕ್ಕಲುತನದ ಮನೆಯವರು. ಮದುವೆಯಾಗಿರಲಿಲ್ಲ. ತಂಗಿಯ ಜೊತೆ ಇದ್ದುಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕಾರವಾರಕ್ಕೆ ಬಂದು ಸಂಜೆ ಹಿಂದಿರುಗುತ್ತಿದ್ದರು. ಲ್ಯಾಬಿಗೆ ಬಂದ ಕೂಡಲೇ ಚಪ್ಪಲಿ ಬದಲಿಸಿ ದಪ್ಪ ರಬ್ಬರಿನದೊಂದು ಜೋಡು ಹಾಕಿಕೊಳ್ಳುವರು. ಯಾವುದೇ ಬೋರ್ಡಿನ ಹತ್ತಿರ ಹೋದರೂ ಎಡಗೈ ಬೆನ್ನ ಹಿಂದೆ ಹೋಗುತ್ತಿತ್ತು. ಎರಡು ಕೈಯಲ್ಲಿ ಮುಟ್ಟಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ, ಒಂದೇ ಕೈಯಾದರೆ ಬದುಕಿಕೊಳ್ಳಲು ಸ್ವಲ್ಪ ಅವಕಾಶ ಉಂಟು ಎಂಬುದು ಲೆಕ್ಕ. ಹುಡುಗರು ಬೆನ್ನ ಹಿಂದೆ ಕೈ ಕಟ್ಟಿ ಅವರ ನಡಿಗೆಯನ್ನು ಅಣಕಿಸುತ್ತಿದ್ದರು. ಅದೇ ಹುಡುಗರು ಈಗ ಎಲ್ಲೆಲ್ಲಿಯೋ ಲೈನ್ ಕೆಲಸ ಮಾಡುವಾಗ ಎಡಗೈ ಹಿಂದೆ ಇಟ್ಟುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಅವರ ಬಲ ಅಂಗೈಯಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಯಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದೊಡ್ಡ ಮೋಟರಿನ ಸುರುಳಿಗೆ ಕೊಟ್ಟಿದ್ದ ಕರೆಂಟನ್ನು ಅವಸರದಲ್ಲಿ ಥಟ್ಟನೆ ತಪ್ಪಿಸಿದ್ದರಂತೆ. ಸ್ವಿಚ್ಚಿನ ಬಾಯಲ್ಲಿ ಬೆಂಕಿ ಎದ್ದು ಕೈ ಸುಟ್ಟಿತು. ಸುರುಳಿಯ ಕರೆಂಟು ತಪ್ಪಿಸುವ ಮೊದಲು ಅದಕ್ಕೊಂದು ರೆಸಿಸ್ಟರ್ ಸೇರಿಸಬೇಕೆಂಬುದು ಅವರಿಗೆ ಗೊತ್ತಿತ್ತು. ಬಸ್ಸು ತಪ್ಪುತ್ತದೆಂದು ಬಿಟ್ಟಿದ್ದರು, ಅಷ್ಟೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಕೈ ತೋರಿಸಿ ಇಷ್ಟನ್ನೂ ಹೇಳುತ್ತಿದ್ದರು. ತಪ್ಪು ತನ್ನದೇ ಎಂಬುದನ್ನು ಸೇರಿಸಿಯೇ ಹೇಳುತ್ತಿದ್ದರು.

ಆಮೇಲೆ ಒಂದು ಆಟ ತೋರಿಸುವರು. ಆರು ವೋಲ್ಟಿನ ಬ್ಯಾಟರಿ, ಒಂದು ದಪ್ಪ ಸುರುಳಿ, ಅದಕ್ಕೆ ಅಡ್ಡಲಾಗಿ ಟೆಸ್ಟರಿನೊಳಗೆ ಇರುತ್ತದಲ್ಲ, ಆ ಪುಟ್ಟ ಕೆಂಪು ದೀಪ. ಆ ದೀಪ ಹೊತ್ತಲು ನೂರರ ಹತ್ತಿರ ವೋಲ್ಟ್ ಬೇಕು. ಸ್ವಿಚ್ ಹಾಕಿದರೆ ದೀಪ ಕಮಕ್ ಕಿಮಕ್ ಅನ್ನುವುದಿಲ್ಲ. ಸ್ವಿಚ್ ತೆಗೆದ ಕ್ಷಣ ಮಿಂಚಿ ಆರುತ್ತದೆ. ಆರು ವೋಲ್ಟಿನ ಬ್ಯಾಟರಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಕೇಳುವರು. ನಾವು ಪುಸ್ತಕದ ಉತ್ತರ ಹೇಳುವೆವು. ಅವರು ತಲೆಯಾಡಿಸಿ, ಉತ್ತರ ಸರಿ, ಆದರೆ ಹೇಳಿದವರಲ್ಲಿ ಎಷ್ಟು ಜನ ಕಣ್ಣಿಟ್ಟು ದೀಪ ನೋಡಿದಿರಿ ಎಂದು ಮತ್ತೆ ಸ್ವಿಚ್ ಹಾಕಿ ತೆಗೆಯುವರು.

ನೋಡುವುದು ಅವರಿಗೆ ಒಂದು ಹಟವೇ ಆಗಿತ್ತು. ಏನು ಕೆಟ್ಟಿರಬಹುದು ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ: “ಕಂಡ ಮೇಲೆ ಹೇಳ್ತೆ.” ಪ್ರಿನ್ಸಿಪಾಲರೇ ಫೋನಿನಲ್ಲಿ ಕೇಳಿದರೂ ಅಷ್ಟೇ. ಹುಡುಗರು ಅವರಿಗೆ ಕಂಡಮೇಲಕ್ಕೋರು ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು.

ಹಟ್ಟಿಕೇರಿಯಲ್ಲಿ ಒಬ್ಬರ ಗದ್ದೆಯ ಪಂಪಿನ ಮೋಟರು ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತ್ತು. ಪ್ರತಿ ಸಲವೂ ತಂತಿ ಸುತ್ತಿದವನ ಮೇಲೆ ತಪ್ಪು ಹೊರಿಸಿ, ಬೇರೆಯವನಿಂದ ಸುತ್ತಿಸಿ ಆಗಿತ್ತು. ಅಕ್ಕೋರು ಒಂದು ಭಾನುವಾರ ಹೋಗಿ, ಮೋಟರನ್ನು ಮುಟ್ಟದೆ, ಪಂಪ್ ಶೆಡ್ಡಿನ ನೆರಳಿನಲ್ಲಿ ಕೂತರು. ಮನೆಯವರು ಚಾ ತಂದರು, ಆಮೇಲೆ ಊಟ ತಂದರು. ಇವರೇನು ರಿಪೇರಿಗೆ ಬಂದದ್ದೋ ನೆಂಟರ ಮನೆಗೆ ಬಂದದ್ದೋ ಎಂದು ಆಳುಗಳು ನಗುತ್ತಿದ್ದರಂತೆ. ಮಧ್ಯಾಹ್ನ ಮೂರರ ಹೊತ್ತಿಗೆ ಸ್ಟಾರ್ಟರ್ ಡಬ್ಬಿಯ ಕೆಳಗಿನ ತೂತಿನೊಳಗೆ ಇರುವೆಯ ಸಾಲು ಹೋಗುವುದು ಕಂಡಿತು. ಒಳಗೆ ಒಂದು ಕೂಡುಜಾಗದಲ್ಲಿ ಸತ್ತ ಇರುವೆಗಳು ಅರೆದು ಅಂಟಿ, ಮೂರು ತಂತಿಗಳಲ್ಲಿ ಒಂದಕ್ಕೆ ಕರೆಂಟು ಹೋಗುತ್ತಿರಲಿಲ್ಲ. ಎರಡೇ ತಂತಿಯ ಮೇಲೆ ಏಗಿ ಏಗಿ ಮೋಟರು ಸುಡುತ್ತಿತ್ತು. ಅಕ್ಕೋರು ಡಬ್ಬಿ ಒರೆಸಿ, ತೂತಿಗೆ ಮೇಣ ಮೆತ್ತಿ, ಸಂಜೆಯ ಬಸ್ಸಿಗೆ ಹೊರಟರು. ಆ ಮನೆಯವರು ಇವತ್ತಿಗೂ ಮಾವಿನ ಕಾಲಕ್ಕೆ ಇಶಾಡಿನ ಬುಟ್ಟಿಯೊಂದನ್ನು ಬೊಬ್ರುವಾಡಕ್ಕೆ ಕಳಿಸುತ್ತಾರೆ.

ನಾನು ಕಾರವಾರದ ಕಡಲ ಮೀನುಗಾರರ ಮನೆಯವಳು. ಮನೆಯಲ್ಲಿ ಕೊಂಕಣಿ. ಅಕ್ಕೋರ ಅಂಕೋಲೆಯ ಕನ್ನಡ ಮೊದಲ ತಿಂಗಳು ನನಗೆ ಅರ್ಧವೇ ತಿಳಿಯುತ್ತಿತ್ತು. ‘ಅಂತ’ ಎನ್ನುವ ಕಡೆಯಲ್ಲೆಲ್ಲ ಅವರು ‘ಹೇಳಿ’ ಎನ್ನುವರು. ಓದು ಮುಗಿಸಿ, ಹೊರಗೆ ನಾಲ್ಕು ವರ್ಷ ಕೆಲಸ ಮಾಡಿ, ಹಿಂದಿರುಗಿ ದತ್ತಾಬಾಬರ ವರ್ಕ್‌ಶಾಪು ಸೇರಿದೆ. ದತ್ತಾಬಾಬರು ಐಸ್ ಫ್ಯಾಕ್ಟರಿಗಳ ಮೋಟರು, ಬೋಟಿನ ಇಂಜಿನ್ನು ರಿಪೇರಿ ಮಾಡಿ ಹೆಸರಾದವರು. ಕಾಳಿ ನದಿಯ ಒಂದು ನಡುಗಡ್ಡೆಯ ಊರಿನವರು ತಮ್ಮ ಹಳೆಯ ಡೀಸೆಲ್ ಬೋಟಿನ ಬದಲು ಬ್ಯಾಟರಿ ಬೋಟು ಬೇಕೆಂದಾಗ ಅವರು ಒಪ್ಪಿಕೊಂಡುಬಿಟ್ಟಿದ್ದರು. ಎರಡು ಮೋಟರು. ಪ್ರತಿಯೊಂದಕ್ಕೂ ಬ್ಯಾಟರಿಯ ಕರೆಂಟನ್ನು ಕಡಿದು ಹದಮಾಡಿ ಕೊಡುವ ಒಂದು ಕಂಟ್ರೋಲರ್ ಪೆಟ್ಟಿಗೆ. ಆ ಪೆಟ್ಟಿಗೆ ಮಾಡುವುದು ನನ್ನ ಪಾಲಿಗೆ ಬಂತು.

ನಮ್ಮ ಉಪ್ಪುಗಾಳಿಗೆ ಫ್ಯಾನ್ ಇಟ್ಟ ಪೆಟ್ಟಿಗೆ ಆರು ತಿಂಗಳು ಬಾಳುವುದಿಲ್ಲ. ಗಾಳಿಯ ಜೊತೆ ಉಪ್ಪೂ ಒಳಗೆ ಹೋಗಿ ಬೋರ್ಡು ತಿನ್ನುತ್ತದೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯೇ ಬೇಕು. ಹಾಗೆ ಮುಚ್ಚಬೇಕಾದರೆ ಒಳಗೆ ಬಿಸಿ ಕಡಿಮೆಯಿರಬೇಕು. ಅದಕ್ಕೆಂದೇ ನಾನು ಸಿಲಿಕಾನ್ ಕಾರ್ಬೈಡಿನ ಟ್ರಾನ್ಸಿಸ್ಟರುಗಳನ್ನು ಆರಿಸಿದೆ. ಹಳೆಯ ಸಿಲಿಕಾನಿನವಕ್ಕಿಂತ ಇವು ಬಹಳ ತಣ್ಣಗೆ ಓಡುತ್ತವೆ. ಆದರೆ ಗಾತ್ರದಲ್ಲಿ ಚಿಕ್ಕವು, ಶಾರ್ಟ್ ಆದರೆ ತಾಳಿಕೆ ಕಡಿಮೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ, ಹಳೆಯದು ಅಂಥ ಹತ್ತು ಪಾಲು ಹೊತ್ತು ತಡೆದುಕೊಳ್ಳುತ್ತದೆ, ಇದು ಎರಡೋ ಮೂರೋ ಪಾಲಿನಷ್ಟರಲ್ಲಿ ಕಾದು ಸಾಯುತ್ತದೆ. ಅಷ್ಟರೊಳಗೆ ಶಾರ್ಟನ್ನು ಗುರುತಿಸಿ ಆರಿಸಬೇಕು. ಬೋಟಿನಲ್ಲಿ ಇದು ಹುಡುಗಾಟದ ಮಾತಲ್ಲ. ಎರಡು ಮೋಟರಿಗೂ ಬ್ಯಾಟರಿ ಒಂದೇ. ಒಂದು ಪೆಟ್ಟಿಗೆ ಒಡೆದರೆ ಮುಖ್ಯ ಫ್ಯೂಸು ಹೋಗಿ ಎರಡೂ ಮೋಟರು ನಿಲ್ಲುತ್ತವೆ. ಮಳೆಗಾಲದಲ್ಲಿ, ಕಡಲ ನೀರು ಇಳಿಯುವ ಇಳಿತದ ಹೊತ್ತಿಗೆ ಹಾಗೆ ನಿಂತರೆ ನೀರು ಬೋಟನ್ನು ನೇರ ಅಳಿವೆಯ ಬಾಯಿಗೆ, ಅಲ್ಲಿಂದ ಕಡಲಿಗೆ ಎಳೆಯುತ್ತದೆ.

ಮೇಜಿನ ಮೇಲೆ ಬೇಕೆಂದೇ ಶಾರ್ಟ್ ಮಾಡಿ ಪರೀಕ್ಷಿಸಿದೆ. ಒಂದು ಪೆಟ್ಟಿಗೆಗೆ ಬೇಕಾದ ಆರು ಟ್ರಾನ್ಸಿಸ್ಟರುಗಳನ್ನು ಒಂದೇ ಅಚ್ಚಿನಲ್ಲಿ ಕೂಡಿಸಿದ್ದಕ್ಕೆ ಮಾಡ್ಯೂಲು ಎನ್ನುತ್ತಾರೆ. ಮೊದಲ ಮಾಡ್ಯೂಲು ಪಟಾಕಿಯ ಹಾಗೆ ಸಿಡಿಯಿತು. ಗುರುತಿಸುವುದು ತಡವಾಯಿತೆಂದು ಆ ಭಾಗವನ್ನು ಚುರುಕು ಮಾಡಿದೆ. ಎರಡನೆಯದೂ ಸಿಡಿಯಿತು. ಇನ್ನೂ ಚುರುಕು ಮಾಡಿದೆ, ಆರಿಸುವುದನ್ನು ಇನ್ನೂ ಥಟ್ಟನೆ ಮಾಡಿದೆ. ಮೂರನೆಯದು ಎಲ್ಲಕ್ಕಿಂತ ಜೋರಾಗಿ ಸಿಡಿದು, ಮೇಲೆ ಮುಚ್ಚಿದ್ದ ಪ್ಲಾಸ್ಟಿಕ್ ಹಲಗೆ ಸೀಳಿತು. ಮಾಡ್ಯೂಲುಗಳು ಹೊರದೇಶದಿಂದ ಬರಬೇಕು, ವಾರಗಟ್ಟಲೆ ಕಾಯಬೇಕು. ನಮ್ಮಲ್ಲಿ ಉಳಿದದ್ದು ಮೂರು. ನಡುಗಡ್ಡೆಯ ಬೋಟು ಸಮಿತಿಯವರು ಬಂದು ನೋಡಿ, ಗಣಪತಿ ಹಬ್ಬದ ಒಳಗೆ ಆಗದಿದ್ದರೆ ಮತ್ತೆ ಡೀಸೆಲ್ ಇಂಜಿನ್ನೇ ಹಾಕಿಸುವುದಾಗಿ ಮೆಲ್ಲಗೇ ಹೇಳಿ ಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು.

ಮರುದಿನ ದತ್ತಾಬಾಬರು ನನಗೆ ತಿಳಿಸದೆ ಅಕ್ಕೋರನ್ನು ಕರೆಸಿದರು. ಅವರು ನಿವೃತ್ತರಾಗಿ ಒಂದು ವರ್ಷವಾಗಿತ್ತು. ಬಾಗಿಲಲ್ಲಿ ಕೊಡೆ ಜಾಡಿಸುತ್ತಾ ನಿಂತ ಅವರನ್ನು ಕಂಡು ನನಗೆ ಸಂತೋಷವಾಗುವ ಬದಲು ಸಿಟ್ಟು ಬಂತು. ಮೂರು ವಾರದಿಂದ ಸರಿಯಾಗಿ ನಿದ್ದೆಯಿರಲಿಲ್ಲ ಎಂಬುದು ನೆಪ, ಅಷ್ಟೆ. ಅವರು ಒಡೆದ ಮಾಡ್ಯೂಲುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವಾಗ, ಇದು ನಿಮ್ಮ ಕಾಲದ ಮೋಟರಲ್ಲ ಅಕ್ಕೋರೆ, ಇದರಲ್ಲಿ ನಿಮಗೆ ನೋಡುವಂಥದ್ದು ಏನೂ ಇಲ್ಲ ಎಂದುಬಿಟ್ಟೆ. ದತ್ತಾಬಾಬರು ಎದ್ದು ಹೊರಗೆ ಹೋದರು.

ಅಕ್ಕೋರು ಮೂರನ್ನೂ ಸಾಲಾಗಿ ಮೇಜಿನ ಮೇಲಿಟ್ಟರು. “ಹೌದೇ ತಂಗಿ, ನಂಗೆ ಇದ್ರ ಹೆಸ್ರೂ ಸರೀ ಬರೂದಿಲ್ಲ. ಒಂದು ಹೇಳು. ಇದು ಸತ್ತದ್ದು ಯಾವಾಗ? ಕರೆಂಟು ಏರೂವಾಗೋ, ನಿಲ್ಲೂವಾಗೋ?”

ನಾನು ಕರೆಂಟನ್ನು ಮಾತ್ರ ಅಳೆದಿದ್ದೆ. ವೋಲ್ಟೇಜು ಅಳೆಯುವ ಪ್ರೋಬು ನಮ್ಮಲ್ಲಿ ಒಂದೇ ಇತ್ತು, ಸಿಡಿತಕ್ಕೆ ಸಿಕ್ಕಿ ಹಾಳಾದೀತೆಂದು ಅದನ್ನು ಜೋಡಿಸಿಯೇ ಇರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ಅವರು ನನ್ನನ್ನು ಬಯ್ಯಲಿಲ್ಲ. ಡಬ್ಬಿ ಬಿಚ್ಚಿ, ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಅಪ್ಪೆಮಾವಿನ ಉಪ್ಪಿನಕಾಯಿ ಎರಡು ಪಾಲು ಮಾಡಿ, ನನಗೊಂದು ಪಾಲು ಕೊಟ್ಟರು.  ಕೈ ತೊಳೆದು ಬಂದು, ಬ್ಯಾಟರಿಯ ಪೂರ್ತಿ ಏಳುನೂರು ವೋಲ್ಟು ಬೇಡ, ನಾನೂರಕ್ಕೆ ಮಾಡಿ ನೋಡುವ, ಆಗ ಸಾಯಲಿಕ್ಕಿಲ್ಲ, ಆದರೆ ಸಾವು ಎಲ್ಲಿಂದ ಬರುತ್ತದೆಂದು ಕಾಣಬಹುದು ಎಂದರು. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

ಪ್ರೋಬು ಜೋಡಿಸಿ ನಾನೂರು ವೋಲ್ಟಿಗೆ ಶಾರ್ಟ್ ಮಾಡಿದೆವು. ಅಳೆಯುವ ಯಂತ್ರದ ಪರದೆಯ ಮೇಲೆ ಎರಡು ಗೆರೆ ಮೂಡಿದವು. ಕರೆಂಟಿನ ಗೆರೆ ಏರಿತು, ನನ್ನ ಚುರುಕು ಬುದ್ಧಿಯ ಸರ್ಕ್ಯೂಟು ಅದನ್ನು ಹಿಡಿದು ಕಡಿಯಿತು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕರೆಂಟು ಬಿದ್ದ ಆ ಕ್ಷಣಕ್ಕೆ ವೋಲ್ಟೇಜಿನ ಗೆರೆ ಮಾತ್ರ ನೆಟ್ಟಗೆ ಮೇಲಕ್ಕೆ ನೆಗೆದು, ಒಂಬೈನೂರನ್ನು ದಾಟಿ ಕೆಳಗಿಳಿಯಿತು. ಆ ಸಾಧನ ತಡೆಯುವುದೇ ಹನ್ನೆರಡುನೂರು. ನಾನೂರಕ್ಕೆ ಹೀಗಾದರೆ ಏಳುನೂರಕ್ಕೆ ಏನಾಗಿರಬೇಕೆಂಬುದಕ್ಕೆ ಲೆಕ್ಕ ಬೇಕಿರಲಿಲ್ಲ.

ಅಕ್ಕೋರು ಬಹಳ ಹೊತ್ತು ಪರದೆ ನೋಡಿದರು. “ಶಾರ್ಟ್ ಆದದ್ದಕ್ಕೆ ಸಾಯ್ಲಿಲ್ಲ ಇದು,” ಎಂದರು. “ನೀನು ಉಳಿಸೂಕೆ ಹೋದದ್ದಕ್ಕೆ ಸತ್ತದ್ದು.”

ಮೊದಲನೆಯದು ಬಿಸಿಯಿಂದಲೇ ಸತ್ತಿತ್ತು. ಅದನ್ನು ಕಂಡು ನಾನು ಉಳಿದೆರಡಕ್ಕೂ ಅದೇ ಕಾರಣ ಅಂದುಕೊಂಡಿದ್ದೆ. ಆರಿಸುವುದನ್ನು ಚುರುಕು ಮಾಡಿದಷ್ಟೂ ವೋಲ್ಟೇಜಿನ ನೆಗೆತವನ್ನು ಹೆಚ್ಚಿಸುತ್ತಾ ಹೋಗಿದ್ದೆ. ಮೊದಲ ವರ್ಷದ ಮೊದಲ ತರಗತಿಯಲ್ಲಿ ಕೆಂಪು ದೀಪ ತೋರಿಸಿ ಕಲಿಸಿದ್ದೇ ಇದು. ನನಗೆ ಅಳು ಬಂತು. ಅಕ್ಕೋರು ಅದನ್ನು ಕಾಣದವರ ಹಾಗೆ ತಂತಿಗಳ ಕಡೆ ತಿರುಗಿದರು. ಬ್ಯಾಟರಿಯ ಕಡೆಯಿಂದ ಮಾಡ್ಯೂಲಿಗೆ ಬರುವ ತಾಮ್ರದ ಪಟ್ಟಿ ಒಂದು ಬದಿಗೆ, ಹಿಂದಿರುಗುವ ಪಟ್ಟಿ ಗೇಣು ದೂರದಲ್ಲಿ ಇನ್ನೊಂದು ಬದಿಗೆ ಇತ್ತು. ನಡುವೆ ಇಷ್ಟು ಜಾಗ ಬಿಟ್ಟರೆ ಇದೂ ಒಂದು ಸುರುಳಿಯೇ ಅಲ್ಲವೇ ಎಂದರು. ಎರಡನ್ನೂ ಒಂದರ ಮೇಲೊಂದು ಒತ್ತಿ, ನಡುವೆ ತೆಳ್ಳಗಿನ ನಿರೋಧಕ ಹಾಳೆ ಇಟ್ಟು ತೋರಿಸಿ, ಗಂಡ ಹೆಂಡತಿ ಬೇರೆ ಬೇರೆ ದಾರಿ ಹಿಡಿದರೆ ನಡುವಿನ ಜಾಗದಲ್ಲೇ ಜಗಳ ಹುಟ್ಟುವುದು ಎಂದರು. ನಿಮಗೆ ಹೇಗೆ ಗೊತ್ತು ಅಕ್ಕೋರೆ ಎಂದೆ. ಅಕ್ಕಪಕ್ಕದ ಮನೆಯವರನ್ನು ಕಂಡ ಮೇಲೇ ಹೇಳುತ್ತಿರುವುದು ಎಂದರು. ಮೂರು ವಾರದಲ್ಲಿ ಅದು ನನ್ನ ಮೊದಲ ನಗು.

ಇಲ್ಲಿಂದ ಎಲ್ಲ ಸಲೀಸಾಯಿತು ಎಂದು ಬರೆದರೆ ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಮರುದಿನ ಬಂದು, ಥಟ್ಟನೆ ಬೇಡ, ಮೆಲ್ಲಗೆ ಆರಿಸು ಎಂದರು. ಟ್ರಾನ್ಸಿಸ್ಟರಿನ ಬಾಗಿಲಿನಂತಿರುವ ಗೇಟಿಗೆ ದೊಡ್ಡ ರೆಸಿಸ್ಟರ್ ಹಾಕಿದರೆ ಅದು ನಿಧಾನವಾಗಿ ಮುಚ್ಚುತ್ತದೆ. ಅವರು ಹೇಳಿದ ರೆಸಿಸ್ಟರಿನ ಅಳತೆ ನನಗೆ ಸ್ವಲ್ಪ ಹೆಚ್ಚೆನಿಸಿತು. ಆದರೆ ಹಿಂದಿನ ದಿನ ಆಡಿದ ಮಾತಿನ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಏಳುನೂರು ವೋಲ್ಟಿಗೆ ಪರೀಕ್ಷಿಸಿದೆವು. ವೋಲ್ಟೇಜಿನ ಗೆರೆ ಒಂದಿಷ್ಟೂ ನೆಗೆಯಲಿಲ್ಲ. ಆದರೆ ಕರೆಂಟು ಇಳಿಯುವಷ್ಟರಲ್ಲಿ ಮಾಡ್ಯೂಲು ಕಾದು ಸಿಡಿಯಿತು. ನಾಲ್ಕನೆಯದು.

ಅಕ್ಕೋರು ಕಲೆಯಿದ್ದ ಅಂಗೈಯನ್ನು ಸೆರಗಿಗೆ ಉಜ್ಜುತ್ತಾ ಕೂತರು. ನಾನು ವಹಿ ತೆರೆದು ಪರೀಕ್ಷೆಯ ಅಂಕಿಗಳನ್ನು ಬರೆಯುತ್ತಿದ್ದಾಗ, ಕಾರಣದ ಜಾಗದಲ್ಲಿ ತಪ್ಪು ತನ್ನದೆಂದು ತನ್ನ ಹೆಸರನ್ನೇ ಬರೆಯಬೇಕೆಂದು ಅಕ್ಕೋರು ಹೇಳಿದರು. ನಾನು ಬೇಡವೆಂದೆ. “ಬರಿ,” ಎಂದರು. “ಮತ್ತೆ ಇನ್ನೊಂದು ಮಾತು. ನಿಂಗೆ ಅದು ಹೆಚ್ಚು ಹೇಳಿ ಗೊತ್ತಿತ್ತು ಅಲ್ದಾ? ಮುಖ ಕಂಡಾಗ್ಲೇ ಗೊತ್ತಾಯ್ತು. ನಾನು ಅಕ್ಕೋರು ಹೇಳಿ ಸುಮ್ಮನೆ ಉಳಿಬೇಡ. ಮಾಡ್ಯೂಲಿಗೆ ನಾನು ಅಕ್ಕೋರಲ್ಲ.”

ಆ ದಿನದಿಂದ ನಾವಿಬ್ಬರೂ ಸಮಸಮವಾಗಿ ವಾದ ಮಾಡತೊಡಗಿದೆವು. ಹನ್ನೊಂದು ದಿನ ಅವರು ಬೊಬ್ರುವಾಡದಿಂದ ದಿನಾ ಬಂದರು. ಉಳಿದ ಎರಡೇ ಮಾಡ್ಯೂಲುಗಳು ಸಾಯದಂತೆ, ಕಡಿಮೆ ವೋಲ್ಟಿನಲ್ಲೇ ನೂರಾರು ಸಲ ಗೆರೆಗಳನ್ನು ನೋಡಿದೆವು. ಕೊನೆಗೆ ಹದ ಸಿಕ್ಕಿತು. ಶಾರ್ಟನ್ನು ಗುರುತಿಸುವುದು ಮಾತ್ರ ಆದಷ್ಟು ಬೇಗ. ಗುರುತಿಸಿದ ಮೇಲೆ ಗೇಟಿನ ವೋಲ್ಟೇಜನ್ನು ಪೂರ್ತಿ ತೆಗೆಯದೆ ಮೊದಲು ಅರ್ಧಕ್ಕೆ ಇಳಿಸುವುದು. ಅಷ್ಟಕ್ಕೇ ಕರೆಂಟು ಬಹಳ ಮಟ್ಟಿಗೆ ತಗ್ಗುತ್ತದೆ, ಬಿಸಿಯೂ ತಗ್ಗುತ್ತದೆ. ಅಲ್ಲಿ ಒಂದು ಚಿಟಿಕೆ ಹೊತ್ತು ನಿಲ್ಲಿಸಿ, ಆಮೇಲೆ ಪೂರ್ತಿ ಆರಿಸುವುದು. ಆರಿಸುವುದನ್ನು ಎರಡು ಮೆಟ್ಟಿಲು ಮಾಡುವ ಯೋಚನೆ ನನ್ನದು. ಮೊದಲ ಮೆಟ್ಟಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಗೆರೆ ನೋಡಿ ನೋಡಿ ಹಿಡಿದದ್ದು ಅವರ ಕಣ್ಣು.

ಹನ್ನೆರಡನೆಯ ದಿನ ಐದನೆಯ ಮಾಡ್ಯೂಲನ್ನು ಮೇಜಿನ ಮೇಲಿಟ್ಟು ಏಳುನೂರು ವೋಲ್ಟಿಗೆ ಶಾರ್ಟ್ ಮಾಡಿದೆವು. ಒಂದು ಸಣ್ಣ ಟಿಕ್ ಸದ್ದು, ಮತ್ತೇನೂ ಇಲ್ಲ. ಗೆರೆ ಒಂಬೈನೂರನ್ನೂ ಮುಟ್ಟದೆ ಇಳಿಯಿತು. ದತ್ತಾಬಾಬರು ಕೈ ಮುಗಿದರು. ಅಕ್ಕೋರು ಇನ್ನೊಮ್ಮೆ ಮಾಡು ಎಂದರು. ಸಂಜೆಯವರೆಗೆ ಐವತ್ತು ಸಲ ಮಾಡಿಸಿದರು.

ಬೋಟು ಹಬ್ಬಕ್ಕೆ ನಾಲ್ಕು ದಿನ ಮೊದಲು ನೀರಿಗಿಳಿಯಿತು. ಸಮಾರಂಭದಲ್ಲಿ ಅಕ್ಕೋರಿಗೆ ಶಾಲು ಹೊದಿಸಬೇಕೆಂದು ದತ್ತಾಬಾಬರು ಹುಡುಕಿದರೆ ಅವರು ಬೋಟು ಕಟ್ಟುವ ಧಕ್ಕೆಯ ಹಿಂದೆ ಮೀನು ಮಾರುವ ಹೆಂಗಸರ ಜೊತೆ ಕೂತು ಶೆಟ್ಲಿ ಎನ್ನುವ ಸಿಗಡಿಯ ದರ ಕೇಳುತ್ತಿದ್ದರು.

ಮರುವರ್ಷ ಆಷಾಢದಲ್ಲಿ ನಡುಗಡ್ಡೆಯಲ್ಲಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ಮೀಟರ್ ಬೋರ್ಡಿನಲ್ಲಿ ಏನೋ ಸುಟ್ಟ ವಾಸನೆ ಬರುತ್ತಿತ್ತು. ಎಂದಿನಂತೆ ಕಂಡ ಮೇಲೆ ಹೇಳುತ್ತೇನೆಂದು ಅಕ್ಕೋರು ಹೊರಟರು. ಕೆಲಸ ಮುಗಿಸಿ ಹಿಂದಿರುಗುವಾಗ ಬೋಟಿನಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಮೇಲೆ ಮಳೆ, ನದಿಯಲ್ಲಿ ಕೆಂಪು ನೀರು, ಜೊತೆಗೆ ಇಳಿತ. ನಡುನೀರಿನಲ್ಲಿ ಬಲಗಡೆಯ ಮೋಟರು ನಿಂತಿತು. ಮೋಟರಿಗೆ ಹೋಗುವ ಕೇಬಲ್ಲು ಒಂದು ಕಬ್ಬಿಣದ ಅಂಚಿಗೆ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಒಳಗಿನ ತಂತಿಗಳು ಒಂದಕ್ಕೊಂದು ತಾಗಿದ್ದವು. ಮೇಜಿನ ಮೇಲೆ ನಾವು ಬೇಕೆಂದು ಮಾಡಿದ್ದ ಶಾರ್ಟು ಈಗ ತಾನಾಗಿಯೇ ಆಗಿತ್ತು. ಕೇಬಲ್ಲನ್ನು ಅಲ್ಲಿ ಹಾಯಿಸಿದವಳು ನಾನೇ.

ಬೋಟು ನಡೆಸುವವರನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಆ ಬೋಟಿನ ತಾಂಡೇಲರು ಇಪ್ಪತ್ತು ವರ್ಷ ಡೀಸೆಲ್ ಬೋಟು ನಡೆಸಿದವರು. ಬೋಟಿನ ಮೂತಿ ಬಲಕ್ಕೆ ತಿರುಗತೊಡಗಿದಾಗಲೇ ಅವರಿಗೆ ಏನೋ ಕೆಟ್ಟಿದೆಯೆಂದು ತಿಳಿದದ್ದು. ನೇರ ದಡಕ್ಕೆ ಹೋಗಲು ಹೆಣಗದೆ, ಮೂತಿಯನ್ನು ನೀರಿಗೆ ಎದುರಾಗಿ ಹಿಡಿದು, ಒಂದೇ ಮೋಟರಿನಲ್ಲಿ ಓರೆಯಾಗಿ ಜಾರುತ್ತಾ ಜಾರುತ್ತಾ ಅರ್ಧ ಕಿಲೋಮೀಟರು ಕೆಳಗಿನ ಇನ್ನೊಂದು ಧಕ್ಕೆಗೆ ಬೋಟು ಮುಟ್ಟಿಸಿದರು. ಜನರಲ್ಲಿ ಅರ್ಧದಷ್ಟು ಮಂದಿಗೆ ಏನಾಯಿತೆಂಬುದೇ ತಿಳಿಯಲಿಲ್ಲ. ತಪ್ಪು ಧಕ್ಕೆಗೆ ತಂದರೆಂದು ಒಬ್ಬರು ಗೊಣಗಿದರಂತೆ.

ಅಕ್ಕೋರು ಅಲ್ಲಿಂದ ನೇರ ವರ್ಕ್‌ಶಾಪಿಗೆ ಬಂದು, ಬಲಗಡೆಯದು ನಿಂತಿತು, ಎಡಗಡೆಯದು ನಡೆಯಿತು ಎಂದಷ್ಟೇ ಹೇಳಿದರು. ನಾನು ಓಡಿಹೋಗಿ ಪೆಟ್ಟಿಗೆ ಬಿಚ್ಚಿದೆ. ಆರಕ್ಕೆ ಆರೂ ಟ್ರಾನ್ಸಿಸ್ಟರು ಜೀವಂತವಾಗಿದ್ದವು. ಮುಖ್ಯ ಫ್ಯೂಸು ಹಾಗೇ ಇತ್ತು. ಕೇಬಲ್ಲು ಬದಲಿಸಿ, ಬೇರೆ ದಾರಿಯಲ್ಲಿ ಹಾಯಿಸಿ, ಸಂಜೆಗೆ ಬೋಟು ಬಿಟ್ಟೆವು. ಪೆಟ್ಟಿಗೆ ಒಡೆದಿದ್ದರೆ ಏನಾಗುತ್ತಿತ್ತೆಂದು ತಾಂಡೇಲರಿಗೂ ಸಮಿತಿಯವರಿಗೂ ಹೇಳಬೇಕೆಂದು ನನಗೆ ಬಹಳ ಆಸೆಯಾಯಿತು. ಅಕ್ಕೋರು ಬೇಡವೆಂದರು. ತಾಂಡೇಲರು ತಾವಾಗಿ ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನಿರು. ಪೆಟ್ಟಿಗೆ ಅದರ ಕೆಲಸ ಮಾಡಿತು, ಅವನು ಅವನ ಕೆಲಸ ಮಾಡಿದ, ಪೆಟ್ಟಿಗೆಗೆ ಹೊಗಳಿಕೆ ಬೇಕಾಗುವುದಿಲ್ಲ ಎಂದರು.

ನಿಜ ಹೇಳಬೇಕೆಂದರೆ ನನಗದು ಸ್ವಲ್ಪ ಚುಚ್ಚಿತು. ಒಂದು ವರ್ಷ ಧಕ್ಕೆಯ ಚಾದಂಗಡಿಯಲ್ಲಿ ತಾಂಡೇಲರು ಒಂದೇ ಮೋಟರಿನಲ್ಲಿ ಹೊಳೆ ದಾಟಿದ ಕಥೆ ಕೇಳುವಾಗಲೆಲ್ಲ ನಾಲಗೆ ತುರಿಸುತ್ತಿತ್ತು. ಅಕ್ಕೋರ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ನದಿಯ ಸೆಳೆತ, ಒಂದು ಮೋಟರಿನ ಬಲ ಎಲ್ಲ ಹಿಡಿದು ಲೆಕ್ಕ ಹಾಕಿದೆ. ಆ ದಿನ ನೇರ ದಡಕ್ಕೆ ಮೂತಿ ಇಟ್ಟಿದ್ದರೆ ಬೋಟು ಅಳಿವೆ ಸೇರುತ್ತಿತ್ತು. ಪೆಟ್ಟಿಗೆ ಉಳಿದದ್ದೊಂದರಿಂದಲೇ ಯಾರೂ ಉಳಿಯುತ್ತಿರಲಿಲ್ಲ.

ತೀರಿಕೊಳ್ಳುವ ಮೊದಲು ಅಕ್ಕೋರು ಮಲಗಿದ್ದು ನಾಲ್ಕೇ ದಿನ. ಹೃದಯದ ತೊಂದರೆ ಮೊದಲಿಂದ ಇತ್ತಂತೆ. ತಂಗಿಯನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹನ್ನೆರಡನೆಯ ದಿನ ನಾನೂ ದತ್ತಾಬಾಬರೂ ಬೊಬ್ರುವಾಡಕ್ಕೆ ಹೋದೆವು. ಅಂಗಳದ ತುಂಬ ಜನ. ಅರ್ಧಕ್ಕೆ ಅರ್ಧ ಹಳೆಯ ವಿದ್ಯಾರ್ಥಿಗಳು. ಊಟ ಮುಗಿದ ಮೇಲೆ ತಾಂಡೇಲರು ಹಿತ್ತಿಲ ಕಡೆಯ ಬಾಗಿಲಲ್ಲಿ ನಿಂತು ಅಕ್ಕೋರ ತಂಗಿಯ ಹತ್ತಿರ ಮಾತಾಡುತ್ತಿದ್ದರು. ಅವರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ.

ಅಂದು ಧಕ್ಕೆ ಮುಟ್ಟಿದ ಮೇಲೆ ತನಗೆ ಬೋಟಿನ ಮೇಲಿನ ನಂಬಿಕೆಯೇ ಹೋಗಿತ್ತು ಎಂದು ಅವರು ಹೇಳುತ್ತಿದ್ದರು. ಡೀಸೆಲ್ ಇಂಜಿನ್ನಾದರೆ ಕೆಡುವ ಮೊದಲು ಕೆಮ್ಮುತ್ತದೆ, ಇದು ಸದ್ದಿಲ್ಲದೆ ನಿಂತಿತು, ಇಂಥದ್ದನ್ನು ನಂಬಿ ಜನರನ್ನು ಹೇಗೆ ಕೂರಿಸಿಕೊಳ್ಳಲಿ ಎಂದು ಬೋಟಿನ ಕೀಲಿ ಸಮಿತಿಗೆ ಕೊಟ್ಟು ಮನೆಗೆ ಹೋಗುವುದೆಂದು ನಿಶ್ಚಯಿಸಿಬಿಟ್ಟಿದ್ದರಂತೆ. ಎಲ್ಲರೂ ಇಳಿದು ಹೋದ ಮೇಲೆ ಅಕ್ಕೋರು ಒಬ್ಬರೇ ಹಿಂದೆ ಉಳಿದು, ಅವರ ಹತ್ತಿರ ಬಂದು, ನೀನಿದ್ದದ್ದಕ್ಕೆ ದಡ ಸೇರಿದೆವು ತಮ್ಮಾ ಎಂದರಂತೆ. ಅಷ್ಟು ಕಲಿತವರು ಹೇಳಿದ ಮೇಲೆ ಹೌದಿರಬೇಕೆಂದುಕೊಂಡು ಮರುದಿನ ಮತ್ತೆ ಬೋಟು ಹತ್ತಿದರಂತೆ.

ನನ್ನನ್ನು ಕಂಡು ಅವರು ಮಾತು ನಿಲ್ಲಿಸಿದರು. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ, “ಬಾಯಿ, ನೀವು ಪೆಟ್ಟಿಗೆ ಮಾಡಿದವರು. ನಿಮಗೆ ಗೊತ್ತದೆ,” ಎಂದರು. “ಆ ದಿನ ಉಳಿಸಿದ್ದು ನಾನು ಹೌದಾ? ಅಕ್ಕೋರು ನನ್ನ ಸಮಾಧಾನಕ್ಕೆ ಹೇಳಿ ಹೋದ್ರಾ?”

ಒಂದು ವರ್ಷ ಊರಿಗೆಲ್ಲ ಆ ಕಥೆ ಹೇಳಿದವರು ಅಷ್ಟು ದಿನವೂ ಇದನ್ನು ಒಳಗೇ ಇಟ್ಟುಕೊಂಡಿದ್ದರು. ಪೆಟ್ಟಿಗೆಯೊಳಗೆ ಏನಾಯಿತೆಂದು ನಾನು ಅವರಿಗೆ ಮೊದಲಿಂದ ಹೇಳಿದೆ. ಕೇಬಲ್ಲು ತಪ್ಪು ದಾರಿಯಲ್ಲಿ ಹಾಯಿಸಿದ್ದು ನನ್ನ ತಪ್ಪೆಂದೂ ಹೇಳಿದೆ. ಆಮೇಲೆ ನದಿಯ ಲೆಕ್ಕವನ್ನೂ ಹೇಳಿದೆ. ಪೆಟ್ಟಿಗೆ ಒಡೆಯದೆ ಉಳಿದು ಇನ್ನೊಂದು ಮೋಟರನ್ನು ನಿಮಗೆ ಉಳಿಸಿಕೊಟ್ಟಿತು, ಅದರ ಕೆಲಸ ಅಷ್ಟೇ, ಆ ಒಂದು ಮೋಟರಿನಲ್ಲಿ ಜನರನ್ನು ದಡಕ್ಕೆ ತಂದವರು ನೀವೇ ಎಂದೆ. ಅಕ್ಕೋರು ಯಾರ ಸಮಾಧಾನಕ್ಕೂ ಇಲ್ಲದ್ದನ್ನು ಹೇಳಿದವರಲ್ಲ ಎಂದು ಅವರ ತಂಗಿ ಬಾಗಿಲಿನಿಂದಲೇ ಹೇಳಿದರು.

ತಾಂಡೇಲರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಸಂಜೆಯ ಪಾಳಿಗೆ ಹೋಗಬೇಕೆಂದು ಬಸ್ಸಿಗೆ ಹೊರಟವರು ಬೇಲಿಯ ಬಾಗಿಲಾದ ದಣಪೆಯವರೆಗೆ ಹೋಗಿ ತಿರುಗಿ ನಿಂತರು. ನದಿಯ ಆಚೆ ದಡದ ಊರಿನವರೂ ಇಂಥದ್ದೇ ಒಂದು ಬೋಟು ಕೇಳುತ್ತಿದ್ದಾರಂತೆ ಹೌದೇ ಎಂದು ಕೇಳಿದರು. ಹೌದು, ನವರಾತ್ರಿಯ ಹೊತ್ತಿಗೆ ಆಗಬಹುದು, ಆದರೆ ನಡೆಸಲು ಯಾರೂ ಧೈರ್ಯ ಮಾಡುತ್ತಿಲ್ಲ ಎಂದೆ.

“ಅವ್ರನ್ನ ನನ್ನ ಹತ್ರ ಕಳ್ಸಿ ಬಾಯಿ,” ಎಂದರು. “ನಾ ಕಲಿಸ್ತೆ. ಅದ್ರ ಹೆದ್ರಿಕೆ ಹೆಂಗಿರ್ತದೆ ಹೇಳಿ ನಂಗೆ ಗೊತ್ತದೆ.”